ತವರದ ತವರು ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಎಲೆಕ್ಟ್ರಾನಿಕ್ಸ್ ತಯಾರಿಕೆಗೆ ಬೇಕಾಗುವ ಖನಿಜಗಳ ಮೂಲ ವಿಚಾರಿಸುವ ಪದ್ಧತಿಯ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದೆ.

ಸೋಲಾರ್ ಬೇಲಿಯ ಎನರ್ಜೈಸರ್‌ಗೆ ಬೋರ್ಡು ಜೋಡಿಸಿಕೊಡುವ ಸಣ್ಣ ಘಟಕ ನಮ್ಮದು. ಬೋರ್ಡು ಕೊಳ್ಳುವ ಬೆಂಗಳೂರಿನ ಕಂಪನಿ ‘ಸಿಎಂಆರ್‌ಟಿ’ ಎಂಬ ಎಕ್ಸೆಲ್ ಕಡತ ಕಳಿಸಿ, ಹದಿನೈದು ದಿನದೊಳಗೆ ತುಂಬಿ ಕೊಡಿ ಎಂದಿದೆ. ನಾವು ಆಫ್ರಿಕಾದಿಂದ ಏನನ್ನೂ ತರಿಸುವವರಲ್ಲ. ಎಲ್ಲದಕ್ಕೂ ‘ಇಲ್ಲ’ ಎಂದು ಬರೆದು ಕಳಿಸಿದರೆ ಆಗದೇ?
— ಘಟಕದ ಪಾಲುದಾರರು, ಶಿರಸಿ

ಆಗುವುದಿಲ್ಲ. ಸಿಎಂಆರ್‌ಟಿ ಎಂದರೆ ಸಂಘರ್ಷದ ಪ್ರದೇಶಗಳ ಖನಿಜ ನಿಮ್ಮ ವಸ್ತುವಿನಲ್ಲಿದೆಯೇ ಎಂದು ವಿಚಾರಿಸುವ ನಮೂನೆ. ಮೊದಲ ‘ಇಲ್ಲ’ಕ್ಕೇ ಕಡತ ವಾಪಸು ಬರುತ್ತದೆ. ಮೊದಲ ಪ್ರಶ್ನೆ ಕೇಳುವುದು ಆಫ್ರಿಕಾದ ಬಗ್ಗೆ ಅಲ್ಲ, ನಿಮ್ಮ ವಸ್ತುವಿನಲ್ಲಿ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಇವುಗಳಲ್ಲಿ ಯಾವುದನ್ನಾದರೂ ಬೇಕೆಂದೇ ಬಳಸಿದ್ದೀರಾ ಎಂದು. ಬೆಸುಗೆ ಹಾಕಿದ ಬೋರ್ಡಿನಲ್ಲಿ ತವರ ಇಲ್ಲ ಎಂದು ಬರೆದರೆ ಓದುವವರಿಗೆ ನೀವು ಪ್ರಶ್ನೆಯನ್ನೇ ಓದಿಲ್ಲ ಎಂದು ತಿಳಿದುಹೋಗುತ್ತದೆ.

ಹಿನ್ನೆಲೆ ಇಷ್ಟು. ಪೂರ್ವ ಕಾಂಗೋದಲ್ಲಿ ಬಂಡುಕೋರ ಪಡೆಗಳು ಗಣಿಗಳ ಮೇಲೆ ಹಿಡಿತ ಸಾಧಿಸಿ, ಅಗೆಯುವವರಿಂದಲೂ ಹೊರುವವರಿಂದಲೂ ಸುಂಕ ಕಿತ್ತು ಬಂದೂಕು ಕೊಳ್ಳುತ್ತವೆ. ಅದಕ್ಕಾಗಿ ಅಮೆರಿಕ 2010ರ ಡಾಡ್-ಫ್ರಾಂಕ್ ಕಾಯ್ದೆಯ 1502ನೇ ಕಲಮಿನಲ್ಲಿ, ತನ್ನ ಷೇರುಪೇಟೆಯ ನಿಯಂತ್ರಣ ಸಂಸ್ಥೆಗೆ ಲೆಕ್ಕ ಒಪ್ಪಿಸುವ ಕಂಪನಿಗಳು ಈ ನಾಲ್ಕು ಲೋಹಗಳ ಮೂಲ ವಿಚಾರಿಸಿ ಪ್ರತಿವರ್ಷ ವರದಿ ಕೊಡಬೇಕೆಂದಿತು. ಕಾಂಗೋ ಮತ್ತು ಅದರ ಗಡಿಗೆ ಹೊಂದಿದ ಒಂಬತ್ತು ದೇಶಗಳು ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಭಾರತದಲ್ಲಿ ಇಂಥ ಕಾಯ್ದೆ ಇಲ್ಲ. ಬೆಂಗಳೂರಿನ ಕಂಪನಿಯ ಗಿರಾಕಿಯೋ, ಆ ಗಿರಾಕಿಯ ಗಿರಾಕಿಯೋ ಅಮೆರಿಕದವರಿರುತ್ತಾರೆ. ಕಾಯ್ದೆ ಬಾರದಿದ್ದರೂ ಖರೀದಿ ಕರಾರಿನ ಮೂಲಕ ಪ್ರಶ್ನೆ ಶಿರಸಿಯವರೆಗೆ ಇಳಿದು ಬರುತ್ತದೆ.

ಇಷ್ಟೇ ಇದ್ದರೆ ಲೆಕ್ಕಕ್ಕಿಲ್ಲ ಎಂಬ ಕನಿಷ್ಠ ಮಿತಿ ಆ ನಿಯಮದಲ್ಲಿಲ್ಲ. ನಮೂನೆಯೂ ತೂಕ ಕೇಳುವುದಿಲ್ಲ. ಹಾಗಾಗಿ ‘ನಮ್ಮದು ಅತ್ಯಲ್ಪ’ ಎಂಬ ವಾದ ನಡೆಯದು.

ಈಗ ಕೆಲಸಕ್ಕೆ ಬರೋಣ. ಮೊದಲು ಬೋರ್ಡಿನ ಬಿಡಿಭಾಗಗಳ ಪಟ್ಟಿ ಎದುರಿಗಿಟ್ಟುಕೊಳ್ಳಿ. ಸೋಲ್ಡರ್ ಅಂದರೆ ತವರ. ಸೀಸರಹಿತ ಎಸ್‌ಎಸಿ305ರಲ್ಲಿ ತವರ 96.5, ಬೆಳ್ಳಿ 3, ತಾಮ್ರ 0.5 ಶೇಕಡಾ. ಹಳೆಯ 63/37ರಲ್ಲಿ ತವರ ಶೇ. 63, ಉಳಿದದ್ದು ಸೀಸ. ಬಿಡಿಭಾಗಗಳ ಕಾಲುಗಳಿಗೂ ಸಾಮಾನ್ಯವಾಗಿ ತವರದ ಲೇಪವಿರುತ್ತದೆ. ಚಿನ್ನ ಎರಡು ಕಡೆ ಇರಬಹುದು: ಪಿಸಿಬಿಯ (ಬಿಡಿಭಾಗ ಕೂರಿಸುವ ಖಾಲಿ ಬೋರ್ಡಿನ) ಪ್ಯಾಡುಗಳ ಮೇಲಿನ ಲೇಪದಲ್ಲಿ, ಮತ್ತು ಐಸಿಯ ಒಳಗಿನ ಕೂದಲೆಳೆಗಿಂತ ಸಪೂರ ತಂತಿಯಲ್ಲಿ. ಟಂಗ್‌ಸ್ಟನ್ ಐಸಿಗಳ ಒಳಪದರದಲ್ಲಿ ಇರುತ್ತದೆ, ಕಣ್ಣಿಗೆ ಕಾಣದು.

ಟ್ಯಾಂಟಲಮ್ ಗುರುತಿಸುವಾಗ ಬಹಳ ಜನ ಎಡವುತ್ತಾರೆ. ಎನರ್ಜೈಸರ್‌ನ ದೊಡ್ಡ ಕೆಪಾಸಿಟರ್ ಫಿಲ್ಮಿನದ್ದು, ಡಬ್ಬಿಯಾಕಾರದವು ಅಲ್ಯೂಮಿನಿಯಂ ಎಲೆಕ್ಟ್ರೋಲೈಟಿಕ್. ಇವೆರಡರಲ್ಲೂ ಟ್ಯಾಂಟಲಮ್ ಇಲ್ಲ. ಬೋರ್ಡಿನ ಮೇಲೆ ಚಪ್ಪಟೆಯಾಗಿ ಕೂರುವ ಹಳದಿ ಅಥವಾ ಕಪ್ಪು ಇಟ್ಟಿಗೆಯಂಥ ಕೆಪಾಸಿಟರ್ ಕಂಡರೆ ಅನುಮಾನಿಸಿ. ಅದರ ಒಂದು ತುದಿಯ ಪಟ್ಟಿ ಧನ ತುದಿಯನ್ನು ತೋರಿಸುತ್ತದೆ, ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಪಟ್ಟಿ ಋಣ ತುದಿಯನ್ನು. ಹಾಗೆಂದು ನೋಟದ ಮೇಲೆ ಬರೆದುಬಿಡಬೇಡಿ, ಪಾರ್ಟ್ ನಂಬರಿನ ಡೇಟಾಶೀಟ್ ತೆರೆದು ಖಚಿತಪಡಿಸಿಕೊಳ್ಳಿ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಭಾಗದ ತಯಾರಕರ ಸಿಎಂಆರ್‌ಟಿ ಸಂಗ್ರಹಿಸಿ. ದೊಡ್ಡ ಐಸಿ ಮತ್ತು ಕೆಪಾಸಿಟರ್ ತಯಾರಕರು ತಮ್ಮ ಜಾಲತಾಣದಲ್ಲೇ ಇಟ್ಟಿರುತ್ತಾರೆ. ಸೋಲ್ಡರ್ ತಯಾರಕರನ್ನು ಕೇಳಿ ಪಡೆಯಬೇಕು, ಪಿಸಿಬಿ ಮಾಡಿಕೊಡುವವರನ್ನು ಬೆನ್ನುಹತ್ತಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಕೊಂಡ ಐಸಿಗಳಿಗೆ ಮಾತ್ರ ದಾರಿ ಇಲ್ಲ. ಮೇಲಿನ ಬ್ರ್ಯಾಂಡು ಅಸಲಿಯೇ ಎಂದು ಹೇಳಲಾಗದ ಮೇಲೆ ಆ ಬ್ರ್ಯಾಂಡಿನ ಕಡತವನ್ನು ಅದಕ್ಕೆ ಅಂಟಿಸುವುದು ಸುಳ್ಳಾಗುತ್ತದೆ. ಇನ್ನು ಮುಂದೆ ಅಧಿಕೃತ ವಿತರಕರ ಬಿಲ್ ಇರುವ ಮಾಲನ್ನೇ ಕೊಳ್ಳಿ.

ಕಡತದಲ್ಲಿ ಮುಖ್ಯವಾದವು ಘೋಷಣೆಯ ಹಾಳೆ, ಸ್ಮೆಲ್ಟರ್ (ಲೋಹ ಕರಗಿಸಿ ತೆಗೆಯುವ ಘಟಕ) ಪಟ್ಟಿ ಮತ್ತು ತಪ್ಪು ತೋರಿಸುವ ಚೆಕರ್ ಹಾಳೆ. ಘೋಷಣೆಯ ಮೇಲ್ಭಾಗದಲ್ಲಿ ವ್ಯಾಪ್ತಿ ಕೇಳುತ್ತಾರೆ: ಇಡೀ ಕಂಪನಿಗೋ, ನಿರ್ದಿಷ್ಟ ಉತ್ಪನ್ನಕ್ಕೋ? ನಿಮ್ಮಂಥ ಘಟಕ ಉತ್ಪನ್ನವನ್ನೇ ಆರಿಸಿಕೊಂಡು ಮಾಡೆಲ್ ಸಂಖ್ಯೆ ಬರೆಯುವುದು ಲೇಸು. ಕೆಳಗೆ ನಾಲ್ಕೂ ಲೋಹಗಳಿಗೆ ಬೇರೆಬೇರೆ ಉತ್ತರ. ಸ್ಮೆಲ್ಟರ್‌ಗಳು ಆ ಹತ್ತು ದೇಶಗಳಿಂದ ಅದಿರು ತರಿಸುತ್ತವೆಯೇ ಎಂಬ ಪ್ರಶ್ನೆಗೆ ‘ಹೌದು’, ‘ಇಲ್ಲ’ ಜೊತೆ ‘ಗೊತ್ತಿಲ್ಲ’ ಎಂಬ ಆಯ್ಕೆಯೂ ಇದೆ. ಪೂರೈಕೆದಾರರ ಉತ್ತರ ಪೂರ್ತಿ ಬಂದಿರದಿದ್ದರೆ ‘ಗೊತ್ತಿಲ್ಲ’ವೇ ಸರಿ. ಆಡಿಟ್ ಮಾಡುವವರು ಅದನ್ನು ಅರ್ಥಮಾಡಿಕೊಳ್ಳುತ್ತಾರೆ. ಅವರಿಗೆ ಸಿಟ್ಟು ಬರುವುದು ಮೇಲೆ ‘ಇಲ್ಲ’ ಎಂದು ಬರೆದು, ಸ್ಮೆಲ್ಟರ್ ಪಟ್ಟಿಯಲ್ಲಿ ರುವಾಂಡಾದ ಅದಿರು ಕರಗಿಸುವ ಘಟಕದ ಹೆಸರಿಟ್ಟಾಗ. ಎಷ್ಟು ಪೂರೈಕೆದಾರರು ಉತ್ತರಿಸಿದ್ದಾರೆ ಎಂಬುದಕ್ಕೂ ಶೇಕಡಾವಾರು ಆಯ್ಕೆಗಳಿವೆ. ಹತ್ತರಲ್ಲಿ ಆರು ಮಂದಿ ಕೊಟ್ಟಿದ್ದರೆ ‘ಐವತ್ತಕ್ಕಿಂತ ಹೆಚ್ಚು’ ಎನ್ನಿ, ನೂರು ಎನ್ನಬೇಡಿ.

ಸ್ಮೆಲ್ಟರ್ ಪಟ್ಟಿಯಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಸೋಲ್ಡರ್ ಮಾರಿದವರ ಅಥವಾ ಚಿನ್ನದ ಲೇಪ ಹಾಕಿದವರ ಹೆಸರನ್ನು ಅಲ್ಲಿ ಬರೆಯುವುದು. ಅವರು ಲೋಹ ಕೊಂಡು ಬಳಸುವವರು. ಸ್ಮೆಲ್ಟರ್ ಎಂದರೆ ಅದಿರನ್ನೋ ಗುಜರಿಯನ್ನೋ ಕರಗಿಸಿ ಲೋಹ ತೆಗೆಯುವ ಘಟಕ. ಪ್ರತಿಯೊಂದಕ್ಕೂ ‘ಸಿಐಡಿ’ಯಿಂದ ಶುರುವಾಗಿ ಆರು ಅಂಕಿಗಳಿರುವ ಗುರುತಿನ ಸಂಖ್ಯೆ ಇದೆ. ಪೂರೈಕೆದಾರರ ಕಡತದಿಂದ ಆ ಸಂಖ್ಯೆಯನ್ನೇ ನಕಲಿಸಿದರೆ ಹೆಸರು, ದೇಶ ತಾವಾಗಿ ತುಂಬಿಕೊಳ್ಳುತ್ತವೆ. ಹೆಸರನ್ನು ಕೈಯಾರೆ ಟೈಪು ಮಾಡಿದರೆ ಒಂದೇ ಘಟಕ ಮೂರು ಕಾಗುಣಿತದಲ್ಲಿ ಮೂರಾಗುತ್ತದೆ. ಕೊನೆಗೆ ಚೆಕರ್ ಹಾಳೆಯಲ್ಲಿ ಕೆಂಪು ಉಳಿದಿಲ್ಲವೆಂದು ನೋಡಿ, ಅಧಿಕೃತ ಸಹಿದಾರರ ಹೆಸರು ಮತ್ತು ದಿನಾಂಕ ಹಾಕಿ. ಹಳೆಯ ಆವೃತ್ತಿಯ ಕಡತವನ್ನು ಹಲವರು ಒಪ್ಪುವುದಿಲ್ಲ. ರೆಸ್ಪಾನ್ಸಿಬಲ್ ಮಿನರಲ್ಸ್ ಇನಿಷಿಯೇಟಿವ್‌ನ ತಾಣದಿಂದ ಈಗಿನದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

‘ಪೂರ್ತಿ ಮರುಬಳಕೆಯ ಲೋಹವೇ?’ ಎಂಬ ಪ್ರಶ್ನೆಯೂ ಇದೆ. ಸೋಲ್ಡರ್ ಪಾಟಿನ ಮೇಲೆ ಕಟ್ಟುವ ಕಿಟ್ಟವನ್ನು ತಯಾರಕರಿಗೆ ವಾಪಸು ಮಾರುತ್ತೀರೆಂದ ಮಾತ್ರಕ್ಕೆ ಇಲ್ಲಿ ‘ಹೌದು’ ಎನ್ನಲಾಗದು. ನೀವು ಕೊಳ್ಳುವ ಬಾರ್ ನೂರಕ್ಕೆ ನೂರು ಮರುಬಳಕೆಯದ್ದೆಂದು ತಯಾರಕರು ಬರೆದುಕೊಟ್ಟರೆ ಮಾತ್ರ ಹಾಗೆ ಬರೆಯಿರಿ.

ಹದಿನೈದು ದಿನ ಸಾಲುವುದಿಲ್ಲ. ಬಂದಷ್ಟನ್ನು ತುಂಬಿ, ಯಾರಿಂದ ಬಾಕಿ ಇದೆ, ಯಾವಾಗ ಕೇಳಿದ್ದೀರಿ ಎಂಬ ಪತ್ರ ಜೊತೆಗಿಟ್ಟು ಕಳಿಸಿ. ಪೂರ್ತಿ ತುಂಬಿದ ಸುಳ್ಳು ಕಡತಕ್ಕಿಂತ ಅದಕ್ಕೆ ಬೆಲೆ ಹೆಚ್ಚು.

ಬೋರ್ಡೊಂದರಲ್ಲಿ ಈ ಲೋಹಗಳು ನಿಜವಾಗಿ ಎಷ್ಟಿರುತ್ತವೆ? ಲೆಕ್ಕ ಹಾಕುವುದು ಹೇಗೆ?
— ಡಿಪ್ಲೊಮಾ ವಿದ್ಯಾರ್ಥಿ, ಕಾರವಾರ

ನಮೂನೆಗೆ ಬೇಡದಿದ್ದರೂ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಪಿಸಿಬಿ ಪ್ಯಾಡಿನ ಮೇಲಿನ ಚಿನ್ನದ ಲೇಪ 0.05 ಮೈಕ್ರಾನ್ ದಪ್ಪ ಎಂದುಕೊಳ್ಳಿ. ಒಂದು ಚದರ ಸೆಂಟಿಮೀಟರಿಗೆ ಗಾತ್ರ 0.000005 ಘನ ಸೆಂ.ಮೀ.; ಸಾಂದ್ರತೆ 19.3ರಿಂದ ಗುಣಿಸಿದರೆ ಸುಮಾರು 0.1 ಮಿಲಿಗ್ರಾಂ. ತೆರೆದ ಪ್ಯಾಡುಗಳು ಒಟ್ಟು 10 ಚದರ ಸೆಂ.ಮೀ. ಇದ್ದರೆ ಒಂದು ಮಿಲಿಗ್ರಾಂ. ಪದೇಪದೇ ಸಿಕ್ಕಿಸಿ ತೆಗೆಯುವ ಕನೆಕ್ಟರಿಗೆ 0.76 ಮೈಕ್ರಾನ್ ಗಟ್ಟಿ ಚಿನ್ನ ಹಾಕುವುದುಂಟು. ಅಲ್ಲಿ ಅದೇ ಜಾಗಕ್ಕೆ ಹದಿನೈದು ಪಟ್ಟು.

ತವರ ಹೆಚ್ಚು ಸುಲಭ. ಬಿಡಿಭಾಗ ಕೂರಿಸಿದ ಬೋರ್ಡನ್ನು ಬೆಸುಗೆಗೆ ಮೊದಲು, ನಂತರ ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಕಾಲು ಕತ್ತರಿಸುವ ಕೆಲಸವನ್ನು ಎರಡೂ ತೂಕ ಆದ ಮೇಲೆ ಮಾಡಿ, ಇಲ್ಲವಾದರೆ ವ್ಯತ್ಯಾಸ ಸುಳ್ಳಾಗುತ್ತದೆ. ಹೆಚ್ಚಿದ ತೂಕವನ್ನು 0.965ರಿಂದ ಗುಣಿಸಿ. ಘಟಕದ ಮಟ್ಟದಲ್ಲಾದರೆ ತಿಂಗಳಿಗೆ 20 ಕಿಲೊ ಎಸ್‌ಎಸಿ305 ಕೊಂಡರೆ ಅದರಲ್ಲಿ ತವರ 19.3 ಕಿಲೊ.

ನಾನು ಗೋವಾದ ವೆರ್ಣಾದಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಇನ್ನೂರಕ್ಕೂ ಹೆಚ್ಚು ಪೂರೈಕೆದಾರರಿಗೆ ಪತ್ರ ಬರೆದರೂ ಅರ್ಧ ಜನ ಉತ್ತರಿಸುವುದಿಲ್ಲ. ಉತ್ತರಿಸಿದವರು ಮುನ್ನೂರು ಸ್ಮೆಲ್ಟರ್‌ಗಳ ಪಟ್ಟಿ ಕಳಿಸುತ್ತಾರೆ. ಏನು ಮಾಡಲಿ?
— ಓದುಗರು, ಸದಾಶಿವಗಡ

ಎಲ್ಲರಿಗೂ ಬರೆದದ್ದೇ ಮೊದಲ ತೊಡಕು. ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಕವಚ, ಲೇಬಲ್ ಮಾರುವವರಿಗೆ ಈ ಕಡತದ ಗೊಡವೆ ಬೇಡ. ಬಿಡಿಭಾಗಗಳ ಪಟ್ಟಿಯಿಂದ ನಾಲ್ಕು ಲೋಹ ಇರಬಹುದಾದವರನ್ನಷ್ಟೇ ಆರಿಸಿ. ಅವರಲ್ಲಿ ಸೋಲ್ಡರ್, ಪಿಸಿಬಿ, ಕನೆಕ್ಟರ್, ಟ್ಯಾಂಟಲಮ್ ಕೆಪಾಸಿಟರ್ ಕೊಡುವವರು ಮೇಲಿನ ಸಾಲಿಗೆ. ತಯಾರಕರ ಕಡತ ಅವರ ತಾಣದಲ್ಲೇ ಇದ್ದರೆ ವಿತರಕರನ್ನು ಕಾಡಬೇಡಿ.

ಅಮೆರಿಕದ ಕಂಪನಿಗಳು ಹಿಂದಿನ ಕ್ಯಾಲೆಂಡರ್ ವರ್ಷದ ವರದಿಯನ್ನು ಮೇ 31ರೊಳಗೆ ಸಲ್ಲಿಸಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ: ನಿಮ್ಮ ಕಡತ ಫೆಬ್ರವರಿಯಲ್ಲಿ ಗಿರಾಕಿಯ ಕೈಯಲ್ಲಿರಬೇಕಾದರೆ ಪೂರೈಕೆದಾರರಿಗೆ ಪತ್ರ ಅಕ್ಟೋಬರಿನಲ್ಲೇ ಹೋಗಿರಬೇಕು. ಚೀನಾದ ಹೊಸವರ್ಷದ ರಜೆ ಜನವರಿ-ಫೆಬ್ರವರಿಯಲ್ಲಿ ಬಂದು ಆ ದೇಶದ ಪೂರೈಕೆದಾರರೆಲ್ಲ ಎರಡು ವಾರ ಮೌನವಾಗುತ್ತಾರೆ ಎಂಬುದೂ ನೆನಪಿರಲಿ.

ಮೌನದ ಕಾರಣ ಬಹುತೇಕ ಸಲ ಕಳ್ಳತನವಲ್ಲ. ಪತ್ರ ಮಾರಾಟದ ಹುಡುಗನಿಗೆ ಹೋಗಿರುತ್ತದೆ, ಅವನಿಗೆ ಅದೇನೆಂದು ಗೊತ್ತಿರುವುದಿಲ್ಲ. ಗುಣಮಟ್ಟ ವಿಭಾಗದವರ ಹೆಸರು ಕೇಳಿ ಅವರಿಗೇ ಕಳಿಸಿ. ಪತ್ರದಲ್ಲಿ ನಿಮಗೆ ಬೇಕಾದ ಪಾರ್ಟ್ ನಂಬರ್‌ಗಳನ್ನು ನಮೂದಿಸಿ. ಮುಂದಿನ ಕರಾರು ನವೀಕರಿಸುವಾಗ ‘ಮೂಲದ ಮಾಹಿತಿ ಕೊಡದಿದ್ದರೆ ಹೊಸ ಆರ್ಡರ್ ಇಲ್ಲ’ ಎಂಬ ಷರತ್ತು ಸೇರಿಸಿ. ಷರತ್ತಿಲ್ಲದ ವಿನಂತಿಗೆ ಉತ್ತರ ಕೊಡುವುದೂ ಬಿಡುವುದೂ ಅವರ ಮರ್ಜಿ.

ಮುನ್ನೂರು ಹೆಸರಿನ ಪಟ್ಟಿ ಬರುವುದು ಅವರು ‘ಇಡೀ ಕಂಪನಿ’ ವ್ಯಾಪ್ತಿ ಆರಿಸಿದಾಗ. ಅವರ ಎಲ್ಲ ಉತ್ಪನ್ನಗಳ ಎಲ್ಲ ಸ್ಮೆಲ್ಟರ್‌ಗಳೂ ಅದರಲ್ಲಿರುತ್ತವೆ. ನೀವು ಕೊಂಡ ಕನೆಕ್ಟರಿನಲ್ಲಿ ಅವುಗಳಲ್ಲಿ ಎರಡೋ ಮೂರೋ ಇರಬಹುದು. ಉತ್ಪನ್ನ ಮಟ್ಟದ ಕಡತ ಕೇಳಿ. ಸಿಗದಿದ್ದರೆ ಇಡೀ ಪಟ್ಟಿಯನ್ನು ಒಪ್ಪಿಕೊಳ್ಳಿ, ಆದರೆ ಅದನ್ನು ಜಾಲಿಸಿ: ಪ್ರತಿ ಸಂಖ್ಯೆಯನ್ನೂ ರೆಸ್ಪಾನ್ಸಿಬಲ್ ಮಿನರಲ್ಸ್ ಇನಿಷಿಯೇಟಿವ್ ಇಟ್ಟಿರುವ ಘಟಕಗಳ ಪಟ್ಟಿಯೊಂದಿಗೆ ಹೋಲಿಸಿದರೆ ಕೆಲವು ಆಡಿಟ್‌ನಲ್ಲಿ ಪಾಸಾದ ‘ಕನ್ಫಾರ್ಮಂಟ್’, ಕೆಲವು ಆಡಿಟ್ ನಡೆಯುತ್ತಿರುವ ‘ಆ್ಯಕ್ಟಿವ್’, ಕೆಲವು ಅತ್ತ ಸುಳಿಯದವು ಎಂದು ಬೇರ್ಪಡುತ್ತವೆ. ನಿಮ್ಮ ಶ್ರಮವೆಲ್ಲ ಈ ಮೂರನೆಯ ಗುಂಪಿಗೆ ಇರಲಿ. ಒಇಸಿಡಿ ಎಂಬ ಆರ್ಥಿಕ ಸಹಕಾರದ ಅಂತರರಾಷ್ಟ್ರೀಯ ಸಂಘಟನೆಯ ಮಾರ್ಗಸೂಚಿಯ ಐದು ಹಂತಗಳು, ಅಂದರೆ ಕಂಪನಿಯೊಳಗೆ ನೀತಿ ಮತ್ತು ಹೊಣೆಗಾರರನ್ನು ನೇಮಿಸುವುದು, ಅಪಾಯ ಗುರುತಿಸುವುದು, ಅದಕ್ಕೆ ಕ್ರಮ, ಸ್ಮೆಲ್ಟರ್ ಮಟ್ಟದಲ್ಲಿ ಹೊರಗಿನವರ ಆಡಿಟ್, ವಾರ್ಷಿಕ ವರದಿ, ಇವುಗಳಲ್ಲಿ ಹೆಚ್ಚಿನ ಕಂಪನಿಗಳು ಎರಡರಿಂದ ನೇರವಾಗಿ ಐದಕ್ಕೆ ಜಿಗಿಯುತ್ತವೆ. ಅಪಾಯ ಕಂಡ ಮೇಲೆ ಏನು ಮಾಡಿದಿರಿ ಎಂಬ ಮೂರನೇ ಹಂತದ ಕಡತ ಖಾಲಿ ಇರುತ್ತದೆ. ನಿಮ್ಮಲ್ಲಿ ಅದು ಖಾಲಿ ಇರದಂತೆ ನೋಡಿಕೊಳ್ಳಿ: ಯಾವ ಪೂರೈಕೆದಾರರಿಗೆ ಯಾವ ದಿನ ಬರೆದಿರಿ, ಬದಲಿ ಪಾರ್ಟ್ ಹುಡುಕಿದಿರಾ, ಎಷ್ಟು ಗಡುವು ಕೊಟ್ಟಿರಿ.

ಬೇಲೇಕೇರಿ ಬಂದರಿನಲ್ಲಿ ಏನಾಯಿತೆಂದು ಕಂಡವರು ನಾವು. ಪರ್ಮಿಟ್ಟೂ ಇತ್ತು, ಸೀಲೂ ಇತ್ತು, ಅದಿರು ಮಾತ್ರ ಹಡಗು ಹತ್ತಿ ಹೋಯಿತು. ಕಾಂಗೋದ ಕಾಡಿನ ಕಾಗದವನ್ನು ನಂಬುವುದು ಹೇಗೆ?
— ನಿವೃತ್ತ ಶಿಕ್ಷಕರು, ಅಂಕೋಲಾ

ನಿಮ್ಮ ಅನುಮಾನ ಸರಿಯಾದದ್ದೇ. ಬಳ್ಳಾರಿ-ಹೊಸಪೇಟೆ ಕಡೆಯಿಂದ ಅರಬೈಲ್ ಘಟ್ಟ ಇಳಿದು ಬಂದ ಕಬ್ಬಿಣದ ಅದಿರನ್ನು 2010ರಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿತ್ತು. ಜಪ್ತಿಯಾದ ಮಾಲೇ ಬಂದರಿನಿಂದ ಕಾಣೆಯಾಯಿತು. 2011ರ ಲೋಕಾಯುಕ್ತ ವರದಿಯಲ್ಲಿ ಆ ಪ್ರಕರಣವಿದೆ. ಗಣಿ ಕೊಟ್ಟ ಲೆಕ್ಕ, ಲಾರಿಯ ಲೆಕ್ಕ, ಹಡಗಿನ ಲೆಕ್ಕ ಈ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ತಾಳೆ ನೋಡಿದಾಗಲೇ ಇಂಥದ್ದು ಬಯಲಾಗುವುದು. ಕಾಂಗೋದಲ್ಲೂ ಬೇರೆ ಉಪಾಯವಿಲ್ಲ.

ಅಲ್ಲಿನ ಪದ್ಧತಿ ಹೀಗಿದೆ. ಗಣಿಯ ಬಾಯಲ್ಲಿ ಚೀಲ ತೂಗಿ, ಸಂಖ್ಯೆ ಇರುವ ಪ್ಲಾಸ್ಟಿಕ್ ಟ್ಯಾಗ್ ಬಿಗಿದು, ದಿನಾಂಕ, ತೂಕ, ಗಣಿಯ ಹೆಸರು ಪುಸ್ತಕದಲ್ಲಿ ಬರೆಯುತ್ತಾರೆ. ವ್ಯಾಪಾರಿಯ ಕೈಸೇರಿ ತೊಳೆದು ಬೆರೆಸಿದ ಮೇಲೆ ಎರಡನೇ ಟ್ಯಾಗ್. ರಫ್ತಿನ ಪಟ್ಟಿಯಲ್ಲಿ ಟ್ಯಾಗ್ ಸಂಖ್ಯೆಗಳೆಲ್ಲ ಬರಬೇಕು. ಐಟಿಎಸ್‌ಸಿಐ ಎಂಬ ಕಾರ್ಯಕ್ರಮ ಇದನ್ನು ನಡೆಸುತ್ತದೆ.

ಕೆಡುವುದು ಎಲ್ಲಿ? ಟ್ಯಾಗ್ ಹಾಕುವವನ ಸಂಬಳ ಕಡಿಮೆ. ಖಾಲಿ ಟ್ಯಾಗ್ ಮಾರಾಟವಾಗುತ್ತದೆ. ಬಂಡುಕೋರರ ಹಿಡಿತದ ಗಣಿಯ ಅದಿರು ರಾತ್ರೋರಾತ್ರಿ ಮಾನ್ಯತೆ ಇರುವ ಗಣಿಗೆ ಬಂದು ಅಲ್ಲಿನ ಟ್ಯಾಗ್ ಧರಿಸುತ್ತದೆ. ಗಡಿ ದಾಟಿ ಪಕ್ಕದ ದೇಶದ ಉತ್ಪಾದನೆಯಾಗುವುದೂ ಉಂಟು. 2022ರಲ್ಲಿ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಈ ಟ್ಯಾಗ್ ಪದ್ಧತಿಯ ಮೂಲಕವೇ ಕಳ್ಳ ಅದಿರು ಬಿಳಿಯಾಗುತ್ತಿದೆ ಎಂದು ಆರೋಪಿಸಿತು. 2024ರ ಏಪ್ರಿಲ್‌ನಲ್ಲಿ ಎಂ23 ಬಂಡುಕೋರರು ಟ್ಯಾಂಟಲಮ್ ಅದಿರಿನ ದೊಡ್ಡ ತಾಣ ರುಬಾಯಾವನ್ನು ವಶಪಡಿಸಿಕೊಂಡರು. ಅಲ್ಲಿನ ವ್ಯಾಪಾರದ ಮೇಲೆ ಹಾಕುವ ಸುಂಕದಿಂದ ಅವರಿಗೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತದೆಂದು ವಿಶ್ವಸಂಸ್ಥೆ ಅಂದಾಜು ಮಾಡಿದೆ.

ಪತ್ತೆಗೆ ಇರುವ ಉಪಾಯ ಸರಳ ಗಣಿತ. ಒಂದು ಗುಂಡಿಯಲ್ಲಿ ಎಷ್ಟು ಜನ ಅಗೆಯುತ್ತಾರೆ, ಒಬ್ಬ ದಿನಕ್ಕೆ ಎಷ್ಟು ಕಿಲೊ ತೆಗೆಯಬಲ್ಲ, ತಿಂಗಳಲ್ಲಿ ಎಷ್ಟು ದಿನ ಮಳೆಗೆ ಕೆಲಸ ನಿಂತಿತ್ತು? ಗುಣಿಸಿದ ಮೊತ್ತಕ್ಕಿಂತ ಟ್ಯಾಗಿನ ತೂಕ ಬಹಳ ಹೆಚ್ಚಿದ್ದರೆ ಹೊರಗಿನ ಮಾಲು ಸೇರಿದೆ. ಒದ್ದೆ ಅದಿರು ಒಣಗಿ ತೂಕ ಇಳಿಯುವುದು ಸಹಜ, ದಾರಿಯಲ್ಲಿ ತೂಕ ಏರುವುದು ಸಹಜವಲ್ಲ. ಜರ್ಮನಿಯ ಭೂವಿಜ್ಞಾನ ಸಂಸ್ಥೆ ಬಿಜಿಆರ್ ಅದಿರಿನ ಕಣಗಳ ರಾಸಾಯನಿಕ ಗುರುತಿನಿಂದ ಊರು ಹೇಳುವ ವಿಧಾನ ರೂಪಿಸಿದೆ. ಆದರೆ ಅದೆಲ್ಲ ಕುಲುಮೆಗೆ ಹೋಗುವ ತನಕ. ಶಿರಸಿಯ ಅಡಿಕೆ ಪೇಟೆಯಲ್ಲಿ ಟೆಂಡರು ಆಗುವವರೆಗೆ ಪ್ರತಿ ಬೆಳೆಗಾರರ ರಾಶಿಗೂ ನಂಬರು ಇರುತ್ತದೆ, ವ್ಯಾಪಾರಿಯ ಗೋದಾಮಿನಲ್ಲಿ ಬೆರೆತ ಮೇಲೆ ಯಾವ ಅಡಿಕೆ ಯಾರ ತೋಟದ್ದೆಂದು ಬ್ರಹ್ಮನಿಗೂ ತಿಳಿಯದು. ಕರಗಿದ ತವರವೂ ಅಷ್ಟೇ. ಹಾಗಾಗಿ ಆಡಿಟ್‌ನ ಭಾರವೆಲ್ಲ ಸ್ಮೆಲ್ಟರ್‌ನ ಬಾಗಿಲಲ್ಲಿ. ಗಣಿಗಳು ಸಾವಿರಾರು, ಬೋರ್ಡು ಮಾಡುವವರು ಲಕ್ಷಾಂತರ, ನಡುವೆ ಈ ನಾಲ್ಕು ಲೋಹಗಳ ಸ್ಮೆಲ್ಟರ್‌ಗಳು ಕೆಲವೇ ನೂರು. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ?

ಅಲ್ಲಿನ ಆಡಿಟರ್ ಒಳಬಂದ ಅದಿರಿನ ತೂಕ, ಅದರಲ್ಲಿನ ಲೋಹದ ಶೇಕಡಾ, ದಾಸ್ತಾನು, ಕಿಟ್ಟದಲ್ಲಿ ಹೋದದ್ದು, ಹೊರಹೋದ ಲೋಹ ಎಲ್ಲವನ್ನೂ ಕೂಡಿಸಿ ಕಳೆಯುತ್ತಾರೆ. ಲೆಕ್ಕ ಹೊಂದದಿದ್ದರೆ ಪ್ರಮಾಣಪತ್ರ ಕೊಡಬಾರದು. ಈ ವ್ಯವಸ್ಥೆ ಸಾಕೇ ಎಂದರೆ, ಸಾಲದು. ಆಡಿಟ್ ವರ್ಷಕ್ಕೊಮ್ಮೆಯೋ ಅದಕ್ಕಿಂತ ಅಪರೂಪಕ್ಕೋ ಆಗುತ್ತದೆ, ಕಳ್ಳಸಾಗಣೆ ದಿನವೂ ನಡೆಯುತ್ತದೆ.

ನಮ್ಮ ಭಾಗದ ಕಂಪನಿಯೊಂದು ಶಾಲೆಗೆ ಬೆಂಚು, ಶೌಚಾಲಯ ಕೊಟ್ಟಿದೆ. ಅದನ್ನೂ ‘ಸುಸ್ಥಿರತೆ’ ಎನ್ನುತ್ತಾರಲ್ಲ?
— ಎಸ್‌ಡಿಎಂಸಿ ಸದಸ್ಯರು, ಹಳಿಯಾಳ

ಬೆಂಚು ಒಳ್ಳೆಯದೇ, ಆದರೆ ಅದು ಬೇರೆ ಖಾತೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಲಾಭ ಹೇಗೆ ಬಂತು ಎಂದು ಆ ಕಲಮು ಕೇಳುವುದಿಲ್ಲ. ಕೇಳುವುದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ರೂಪಿಸಿದ, ವ್ಯವಹಾರದ ಹೊಣೆ ಮತ್ತು ಸುಸ್ಥಿರತೆಯ ಬಿಆರ್‌ಎಸ್‌ಆರ್ ವರದಿ. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಅದು 2022-23ರಿಂದ ಕಡ್ಡಾಯ. ಅದರ ಎರಡನೇ ತತ್ವದಡಿ, ಕಚ್ಚಾವಸ್ತುವಿನ ಸುಸ್ಥಿರ ಖರೀದಿಗೆ ಪದ್ಧತಿ ಇದೆಯೇ, ಒಟ್ಟು ಖರೀದಿಯಲ್ಲಿ ಶೇಕಡಾ ಎಷ್ಟು ಎಂಬ ಪ್ರಶ್ನೆಯಿದೆ. ಆ ಕಂಪನಿ ಪಟ್ಟಿಯಲ್ಲಿದ್ದರೆ ವಾರ್ಷಿಕ ವರದಿ ತೆರೆದು ಆ ಒಂದು ಉತ್ತರ ಓದಿ. ಬೆಂಚಿನ ಫೋಟೊ ಪುಟಗಟ್ಟಲೆ ಇದ್ದು ಅಲ್ಲಿ ‘ಹೌದು’ ಎಂಬ ಒಂದೇ ಪದವಿದ್ದರೆ ಮೂಗಿಗೆ ತುಪ್ಪ ಸವರಿದ್ದಾರೆಂದು ತಿಳಿಯಬಹುದು.

ದುಬೈನಿಂದ ತಂದ ಚಿನ್ನಕ್ಕೂ ಈ ವಿಚಾರಕ್ಕೂ ಸಂಬಂಧವಿದೆಯೇ? ಹಾಲ್‌ಮಾರ್ಕ್ ಇದ್ದರೆ ಸಾಕಲ್ಲವೇ?
— ಓದುಗರು, ಭಟ್ಕಳ

ಹಾಲ್‌ಮಾರ್ಕ್ ಹೇಳುವುದು ಶುದ್ಧತೆಯನ್ನು ಮಾತ್ರ. ಬಿಐಎಸ್ ಚಿಹ್ನೆ, 22ಕೆ916 ಎಂಬ ಅಂಕಿ, 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ, ಈ ಮೂರರಲ್ಲಿ ಯಾವುದೂ ಗಣಿಯ ಸುದ್ದಿ ಎತ್ತುವುದಿಲ್ಲ. ಆಫ್ರಿಕಾದಲ್ಲಿ ಕೈಯಿಂದ ಅಗೆದ ಚಿನ್ನ ಬಹಳಷ್ಟು ದುಬೈ ಮಾರುಕಟ್ಟೆಗೆ ಬರುತ್ತದೆ. ಅಲ್ಲಿ ಹಳೆ ಒಡವೆಯ ಜೊತೆ ಕರಗಿತೆಂದರೆ ಎಲ್ಲವೂ ‘ಮರುಬಳಕೆಯ ಚಿನ್ನ’. ಕಂಪನಿಯ ಕಡತದಲ್ಲಿ ‘ನಮ್ಮ ಚಿನ್ನ ಪೂರ್ತಿ ಮರುಬಳಕೆಯದು’ ಎಂದು ಕಂಡಾಗ ಅನುಭವಿಗಳು ಹುಬ್ಬೇರಿಸುವುದು ಇದಕ್ಕೇ. ಗಟ್ಟಿ ಅಥವಾ ನಾಣ್ಯ ಕೊಳ್ಳುವುದಾದರೆ ಮೇಲೆ ಒತ್ತಿರುವ ರಿಫೈನರಿಯ ಹೆಸರು ಲಂಡನ್ ಬುಲಿಯನ್ ಸಂಘದ ‘ಗುಡ್ ಡೆಲಿವರಿ’ ಪಟ್ಟಿಯಲ್ಲಿದೆಯೇ ನೋಡಿ. ಪಟ್ಟಿಯಲ್ಲಿರುವವರು ಮೂಲದ ಆಡಿಟ್‌ಗೂ ಒಳಪಡಬೇಕು. ಭಾರತದಿಂದ ಅದರಲ್ಲಿರುವುದು ಎಂಎಂಟಿಸಿ-ಪ್ಯಾಂಪ್.

ಮಳೆಗಾಲದ ಕರೆಂಟು ಕಾಟಕ್ಕೆ ಲಿಥಿಯಂ ಬ್ಯಾಟರಿಯ ಇನ್ವರ್ಟರ್ ಕೊಳ್ಳಬೇಕೆಂದಿದ್ದೇವೆ. ಮಕ್ಕಳು ಅಗೆದ ಕೋಬಾಲ್ಟ್ ಇರದ ಬ್ಯಾಟರಿ ಯಾವುದು?
— ಗೃಹಿಣಿ, ಕುಮಟಾ

ಜಗತ್ತಿನ ಕೋಬಾಲ್ಟ್‌ನ ಬಹುಪಾಲು ಕಾಂಗೋದ ಗಣಿಗಳದ್ದು. ಅಲ್ಲಿ ಯಂತ್ರದ ದೊಡ್ಡ ಗಣಿಗಳ ಪಕ್ಕದಲ್ಲೇ ಕೈಗುದ್ದಲಿಯ ಗುಂಡಿಗಳಿವೆ, ಮಕ್ಕಳು ದುಡಿಯುವುದು ಈ ಗುಂಡಿಗಳಲ್ಲಿ. ಬ್ಯಾಟರಿಯಲ್ಲಿ ಕೋಬಾಲ್ಟ್ ಇದೆಯೇ ಎಂದು ತಿಳಿಯಲು ಅಂಗಡಿಯವರನ್ನು ಕೇಳುವುದಕ್ಕಿಂತ ಲೇಬಲ್ಲಿನ ವೋಲ್ಟೇಜ್ ನೋಡುವುದು ಒಳ್ಳೆಯದು. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ 3.2 ವೋಲ್ಟ್, ಅದರಲ್ಲಿ ಕೋಬಾಲ್ಟ್ ಇಲ್ಲ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್ಲಿಗೆ 3.6 ಅಥವಾ 3.7. ಹಾಗಾಗಿ ಬ್ಯಾಟರಿಯ ಮೇಲೆ 12.8, 25.6 ಅಥವಾ 51.2 ವೋಲ್ಟ್ ಎಂದಿದ್ದರೆ ಅದು 4, 8 ಅಥವಾ 16 ಫಾಸ್ಫೇಟ್ ಸೆಲ್ಲುಗಳ ಸರಣಿ ಎಂಬ ಸೂಚನೆ. ಮನೆಯ ಇನ್ವರ್ಟರ್‌ಗಳಲ್ಲಿ ಇದೇ ಹೆಚ್ಚು. ಬಿಸಿ ತಡೆಯುವುದರಲ್ಲೂ ಇದು ವಾಸಿ. 46.8 ಎಂದಿದ್ದರೆ ಅದು 3.6ರ ಹದಿಮೂರು ಸೆಲ್ಲು, ಕೋಬಾಲ್ಟ್ ಇರುವ ಬಗೆ.

ಮೊಬೈಲಿನಲ್ಲಿ ಆಯ್ಕೆ ಕಡಿಮೆ. ಅಲ್ಲಿ ಬಳಸುವ ಲಿಥಿಯಂ ಕೋಬಾಲ್ಟ್ ಆಕ್ಸೈಡ್‌ನ ತೂಕದಲ್ಲಿ ಶೇ. 60 ಕೋಬಾಲ್ಟೇ. ಫೋನನ್ನು ಎರಡು ವರ್ಷದ ಬದಲು ನಾಲ್ಕು ವರ್ಷ ಬಳಸುವುದೊಂದೇ ಕೊಳ್ಳುವವರ ಕೈಯಲ್ಲಿರುವ ಉಪಾಯ. ಇಸ್ತ್ರಿಪೆಟ್ಟಿಗೆ, ಟೋಸ್ಟರ್‌ಗಳ ಕಾಯಿಲ್ ಕೆಳಗಿರುವ ಅಭ್ರಕಕ್ಕಂತೂ ಆಫ್ರಿಕಾದತ್ತ ನೋಡಬೇಕಾಗಿಲ್ಲ. ಜಾರ್ಖಂಡ್-ಬಿಹಾರದ ಅಭ್ರಕ ಪಟ್ಟಿಯಲ್ಲೇ ಮಕ್ಕಳು ಚೂರು ಆಯುತ್ತಾರೆ. ಕೋಬಾಲ್ಟ್, ಅಭ್ರಕ ಮುಂತಾದವಕ್ಕೆ ಕಂಪನಿಗಳು ತುಂಬಬೇಕಾದದ್ದು ಇಎಂಆರ್‌ಟಿ ಎಂಬ ಬೇರೆ ಕಡತ.

ಇಷ್ಟೆಲ್ಲ ತೊಡಕಿರುವಾಗ ಕಾಂಗೋದ ಅದಿರನ್ನೇ ಬೇಡವೆಂದರೆ ಒಳ್ಳೆಯದಲ್ಲವೇ?
— ಕಾಲೇಜು ಉಪನ್ಯಾಸಕಿ, ಸಿದ್ದಾಪುರ

ಅದನ್ನು ಮಾಡಿ ನೋಡಿದ್ದಾರೆ. 2010ರ ಸೆಪ್ಟೆಂಬರಿನಲ್ಲಿ ಕಾಂಗೋ ಸರಕಾರವೇ ಉತ್ತರ ಕಿವು, ದಕ್ಷಿಣ ಕಿವು ಮತ್ತು ಮಾನಿಯೆಮಾ ಪ್ರಾಂತ್ಯಗಳಲ್ಲಿ ಗಣಿಗಾರಿಕೆ ನಿಲ್ಲಿಸಿ, 2011ರ ಮಾರ್ಚಿನಲ್ಲಿ ಮತ್ತೆ ತೆರೆಯಿತು. ಅದೇ ಹೊತ್ತಿಗೆ ಅಮೆರಿಕದ ಕಾಯ್ದೆಗೆ ಹೆದರಿದ ಕೊಳ್ಳುವವರು ಅತ್ತ ಮುಖ ಹಾಕಲಿಲ್ಲ. ಅಗೆದು ಹೊಟ್ಟೆ ಹೊರೆಯುತ್ತಿದ್ದವರ ಆದಾಯ ನಿಂತಿತು, ಬಂದೂಕಿನವರು ಚಿನ್ನದ ಕಡೆ ತಿರುಗಿದರು. ಚಿನ್ನ ಜೇಬಿನಲ್ಲಿ ಸಾಗುತ್ತದೆ, ಅದಕ್ಕೆ ಟ್ಯಾಗೂ ಬೇಡ ಲಾರಿಯೂ ಬೇಡ.

ಒಇಸಿಡಿ ಮಾರ್ಗಸೂಚಿ ಈ ವಿಷಯದಲ್ಲಿ ಗೆರೆ ಎಳೆದಿದೆ. ಬಲವಂತದ ದುಡಿಮೆ, ಚಿತ್ರಹಿಂಸೆ, ಮಕ್ಕಳ ದುಡಿಮೆಯ ಘೋರ ರೂಪಗಳು, ಬಂಡುಕೋರರಿಗೆ ಹಣ ಇವುಗಳ ಸುಳಿವು ಸಿಕ್ಕರೆ ಖರೀದಿಯನ್ನು ಕೂಡಲೇ ನಿಲ್ಲಿಸಬೇಕು. ಲಂಚ, ತೆರಿಗೆ ವಂಚನೆ, ಸರಕಾರಿ ಪಡೆಗಳ ಸುಲಿಗೆಯಂಥವು ಇದ್ದರೆ ಸಂಬಂಧ ಇಟ್ಟುಕೊಂಡೇ ಸುಧಾರಣೆಗೆ ಒತ್ತಡ ಹಾಕಬಹುದು. ಆರು ತಿಂಗಳಲ್ಲಿ ಅಳೆಯಬಹುದಾದ ಬದಲಾವಣೆ ಕಾಣದಿದ್ದರೆ ನಿಲ್ಲಿಸಬೇಕು. ಯುರೋಪಿನ 2017/821 ನಿಯಮವೂ ದೇಶಗಳ ಹೆಸರು ಹಿಡಿಯದೆ ‘ಸಂಘರ್ಷದ ಮತ್ತು ಹೆಚ್ಚು ಅಪಾಯದ ಪ್ರದೇಶ’ ಎಂದಷ್ಟೇ ಹೇಳುತ್ತದೆ. ಅದು 2021ರ ಜನವರಿಯಿಂದ ಜಾರಿಯಲ್ಲಿದೆ. ಕಾಂಗೋ ಬಿಟ್ಟು ಮ್ಯಾನ್ಮಾರಿನ ತವರ ಕೊಂಡರೆ ಪಾಪ ಕಳೆಯುವುದಿಲ್ಲ ಎಂಬುದು ಅದರ ಇಂಗಿತ. ಕೊಳ್ಳದೇ ದೂರ ಇರುವ ಕಂಪನಿಗೆ ಆಡಿಟ್ ಖರ್ಚು ಉಳಿಯುತ್ತದೆ, ಅದನ್ನು ನೀತಿಯೆಂದು ಹೇಳಿಕೊಳ್ಳಲು ಬಿಡಬಾರದು.

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಎರಡು ಗೋಣಿಚೀಲ ಹಳೆ ಬೋರ್ಡು ಕೂಡಿವೆ. ಆ್ಯಸಿಡ್‌ನಲ್ಲಿ ಹಾಕಿದರೆ ಚಿನ್ನ ಬರುತ್ತದೆ ಎನ್ನುತ್ತಾರೆ. ಮಾರುವುದೋ, ನಾವೇ ತೆಗೆಯುವುದೋ?
— ಅಂಗಡಿ ಮಾಲೀಕರು, ಹೊನ್ನಾವರ

ಖಂಡಿತ ಕೈಹಾಕಬೇಡಿ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣದಿಂದ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಿನಲ್ಲಿ ಒಳಹೋದ ಹೊತ್ತಿಗೆ ಬರೀ ಕೆಮ್ಮು, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಉಳಿಯುವ ಹಸಿರು ನೀರಿನಲ್ಲಿ ತಾಮ್ರ, ನಿಕಲ್, ಸೀಸ. ಚೆಲ್ಲಿದರೆ ಬಾವಿಗೋ ಶರಾವತಿಗೋ. ಇಷ್ಟು ಮಾಡಿದರೂ ಪಲೇಡಿಯಂ, ತವರ ಕೈಗೆ ಸಿಗುವುದಿಲ್ಲ.

ಮಾರುವುದಾದರೆ ಮೊದಲು ವಿಂಗಡಿಸಿ. ಮೊಬೈಲಿನ ಹಸಿರು ಅಥವಾ ನೀಲಿ ಗಾಜುನಾರಿನ ಬೋರ್ಡು ಒಂದು ಚೀಲ, ಟಿವಿ-ಚಾರ್ಜರ್‌ಗಳ ಕಂದು ಕಾಗದದ ಬೋರ್ಡು ಇನ್ನೊಂದು. ಬೆರೆತಿದ್ದರೆ ಇಡೀ ಚೀಲಕ್ಕೆ ಕಂದಿನ ದರ ಕಟ್ಟುತ್ತಾರೆ. ಲೋಹದ ಶೀಲ್ಡ್ ಬಿಡಿಸಿಡಿ. ಬ್ಯಾಟರಿಗಳು ಚೀಲದೊಳಗೆ ಇರಲೇಬಾರದು: ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ ಬೇರೆಯಾಗಿಡಿ, ಉಬ್ಬಿದವನ್ನು ಚುಚ್ಚದೆ ಒಣ ಮರಳಿರುವ ತಗಡಿನ ಡಬ್ಬಿಯಲ್ಲಿಟ್ಟು ಅಂಗಡಿಯ ಹೊರಗೆ ನೆರಳಿನಲ್ಲಿಡಿ. ಕರಾವಳಿಯ ತೇವಕ್ಕೆ ಬೋರ್ಡಿನ ತಾಮ್ರ ಹಸಿರುಗಟ್ಟುತ್ತದೆ, ಬೆಲೆ ಅದರಿಂದ ಹೆಚ್ಚೇನೂ ಇಳಿಯದು, ಆದರೆ ಒದ್ದೆ ಚೀಲದ ತೂಕಕ್ಕೆ ಕಡಿತ ಹಾಕುತ್ತಾರೆ, ಒಣಗಿಸಿ ಕೊಡಿ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ಇ-ತ್ಯಾಜ್ಯ ನಿಯಮದಂತೆ ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡಿರಬೇಕು. ಕೊಳ್ಳಲು ಬಂದವರ ನೋಂದಣಿ ಅಲ್ಲಿದೆಯೇ ನೋಡಿ, ತೂಕ ಬರೆದ ರಸೀದಿ ಪಡೆಯಿರಿ. ತಯಾರಕರು ತಮ್ಮ ಗುರಿಗೆ ತಕ್ಕಷ್ಟು ಮರುಬಳಕೆಯ ಪ್ರಮಾಣಪತ್ರ ಕೊಳ್ಳಲೇಬೇಕಾದ್ದರಿಂದ (2025-26ಕ್ಕೆ ಆ ಗುರಿ ಶೇ. 70) ನೋಂದಾಯಿತ ಘಟಕಗಳಿಗೆ ಮಾಲು ಬೇಕಾಗಿದೆ. ಎರಡು ಚೀಲಕ್ಕೆ ಅವರು ಹೊನ್ನಾವರದವರೆಗೆ ಬರಲಾರರು. ಕುಮಟಾ, ಭಟ್ಕಳದ ಅಂಗಡಿಗಳೊಂದಿಗೆ ಮಾತಾಡಿ ಒಂದು ಗಾಡಿಯಷ್ಟು ಕೂಡಿಸಿದರೆ ಬರುತ್ತಾರೆ. ಪ್ರತಿ ಅಂಗಡಿಯ ಚೀಲವನ್ನು ಬೇರೆಬೇರೆ ತೂಗಿಸಿ, ರಸೀದಿಯೂ ಬೇರೆಬೇರೆ ಇರಲಿ.